ಪಿಕಪ್‌ಗೆ ಮನೆಯಲ್ಲೇ ಆಯಿಲ್ ಚೇಂಜ್: ಯಾವ ಸಾಮಾನಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಬೊಲೆರೊ ಪಿಕಪ್ ಇರಲಿ, ಯೋಧ ಇರಲಿ, ಡಿ-ಮ್ಯಾಕ್ಸ್ ಅಥವಾ ಹೈಲಕ್ಸ್ ಇರಲಿ, ಆಯಿಲ್ ಚೇಂಜ್ ಆದ ಮೇಲೆ ಎಂಜಿನ್ ಅಡಿಯಲ್ಲಿ ಸೋರಿಕೆ ಕಂಡರೆ ಮೊದಲು ನೋಡಬೇಕಾದದ್ದು ಎರಡು ಜಾಗ. ಒಂದು, ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದಲ್ಲಿ ಡ್ರೈನ್ ಬೋಲ್ಟಿನ ವಾಶರ್ ಕೂರುವ ಮುಖ. ಇನ್ನೊಂದು, ಫಿಲ್ಟರಿನ ರಬ್ಬರ್ ರಿಂಗ್ ಒತ್ತಿ ಕೂರುವ ಮುಖ. ಅಂಗಡಿಯಲ್ಲೂ ಆನ್‌ಲೈನಿನಲ್ಲೂ ‘ಆಯಿಲ್ ಚೇಂಜ್ ಕಿಟ್’ ಎಂದು ಮಾರುವ ಸಾಮಾನುಗಳಲ್ಲಿ ಅರ್ಧದಷ್ಟಕ್ಕೆ ಈ ಎರಡು ಮುಖಗಳ ಗೊಡವೆಯೇ ಇಲ್ಲ, ಕೆಲವಂತೂ ಅವನ್ನೇ ಹಾಳುಮಾಡುತ್ತವೆ. ಇಲ್ಲಿ ರೆಂಚ್, ವಾಶರ್, ಟ್ರೇ, ಪಂಪ್, ವಾಲ್ವ್ ಎಲ್ಲವನ್ನೂ ಅಳೆದಿರುವುದು ಇದೊಂದೇ ದೃಷ್ಟಿಯಿಂದ.

ಮೊದಲು ಫಿಲ್ಟರ್ ರೆಂಚ್. ದುಡ್ಡು ವ್ಯರ್ಥವಾಗುವುದೂ ಇಲ್ಲೇ, ಸರಿಯಾದದ್ದು ಸಿಕ್ಕರೆ ಅರ್ಧ ಕೆಲಸ ಹಗುರಾಗುವುದೂ ಇಲ್ಲೇ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತವೆ: ಚೈನ್, ಬೆಲ್ಟ್, ಮೂರು ಕಾಲಿನದು, ಕಪ್.

ಚೈನ್ ರೆಂಚ್ ಲಾರಿ, ಟ್ರ್ಯಾಕ್ಟರುಗಳ ದೊಡ್ಡ ಫಿಲ್ಟರಿಗೆ ಹೇಳಿ ಮಾಡಿಸಿದ್ದು. ಪಿಕಪ್ಪಿನ ತೆಳು ತಗಡಿನ ಫಿಲ್ಟರಿಗೆ ಹಾಕಿ ಎಳೆದರೆ ಡಬ್ಬಿ ಚಪ್ಪಟೆಯಾಗುತ್ತದೆಯೇ ಹೊರತು ಫಿಲ್ಟರ್ ತಿರುಗುವುದಿಲ್ಲ. ಡಬ್ಬಿ ಒಮ್ಮೆ ಸೊಟ್ಟಗಾದರೆ ಮುಂದೆ ಯಾವ ಕಪ್ಪೂ ಅದಕ್ಕೆ ಕೂರುವುದಿಲ್ಲ. ಸ್ಕ್ರೂಡ್ರೈವರ್ ಹೊಡೆದು ತಿರುಗಿಸುವ ಉಪಾಯದ ಕಥೆಯೂ ಇದೇ. ಡಬ್ಬಿ ಹರಿದು, ಮರೆ (ಥ್ರೆಡ್) ಇರುವ ದಪ್ಪ ತಟ್ಟೆ ಮಾತ್ರ ಎಂಜಿನ್ನಿಗೆ ಅಂಟಿಕೊಂಡು ಉಳಿಯುತ್ತದೆ. ಅದನ್ನು ಉಳಿ-ಸುತ್ತಿಗೆಯಿಂದ ಬಿಡಿಸಲು ಹೋದಾಗ ರಿಂಗ್ ಕೂರುವ ಮುಖಕ್ಕೆ ಗೀರು ಬಿತ್ತೆಂದರೆ ಆ ಗೀರಿನ ದಾರಿಯಲ್ಲೇ ಆಯಿಲ್ ಜಿನುಗುತ್ತದೆ. ಎಂಜಿನ್ ಓಡುವಾಗ ಅಲ್ಲಿನ ಒತ್ತಡ ಸಾಮಾನ್ಯವಾಗಿ 3ರಿಂದ 5 ಬಾರ್. ಅಷ್ಟು ಒತ್ತಡಕ್ಕೆ ಕೂದಲೆಳೆಯಷ್ಟು ದಾರಿ ಸಾಕು.

ಬೆಲ್ಟ್ ರೆಂಚ್ ಇದಕ್ಕಿಂತ ಒಳ್ಳೆಯದು. ನೈಲಾನ್ ಪಟ್ಟಿ ಇದ್ದು ಅರ್ಧ ಇಂಚಿನ ರ‍್ಯಾಚೆಟ್‌ಗೆ ಸಿಕ್ಕಿಸುವಂಥದ್ದು ನೋಡಿ ತಗೊಳ್ಳಿ. ಯಾವ ಅಳತೆಯ ಫಿಲ್ಟರಿಗಾದರೂ ಒಗ್ಗುತ್ತದೆ, ಡಬ್ಬಿಯನ್ನು ಸುತ್ತಲೂ ಸಮನಾಗಿ ಹಿಡಿಯುತ್ತದೆ. ಇದರ ದೌರ್ಬಲ್ಯ ಒಂದೇ, ಫಿಲ್ಟರಿನ ಮೇಲೆ ಆಯಿಲ್ ಇದ್ದರೆ ಜಾರುತ್ತದೆ. ಅದಕ್ಕೂ ದಾರಿಯಿದೆ. ಡಬ್ಬಿಯನ್ನು ಒಣಬಟ್ಟೆಯಿಂದ ಒರೆಸಿ, ಒರಟು ಸ್ಯಾಂಡ್‌ಪೇಪರಿನ ಒಂದು ಪಟ್ಟಿಯನ್ನು ಮರಳಿನ ಬದಿ ಫಿಲ್ಟರಿಗೆ ತಾಗುವಂತೆ ಸುತ್ತಿ, ಅದರ ಮೇಲೆ ಬೆಲ್ಟ್ ಹಾಕಿದರೆ ಗಟ್ಟಿಯಾಗಿ ಕಚ್ಚುತ್ತದೆ. ಬೆಲ್ಟನ್ನು ಆದಷ್ಟು ಎಂಜಿನ್ ಕಡೆಯ ಅಂಚಿಗೆ ಹಾಕಬೇಕು, ಡಬ್ಬಿ ಗಟ್ಟಿಯಾಗಿರುವುದು ಅಲ್ಲೇ.

ಮೂರು ಕಾಲಿನ ರೆಂಚ್ ತಿರುಗಿಸಿದಷ್ಟೂ ಬಿಗಿಯಾಗಿ ಹಿಡಿಯುತ್ತದೆ. ತುಕ್ಕು ಹಿಡಿದ, ಯಾರೋ ಅತಿಯಾಗಿ ಬಿಗಿದ ಫಿಲ್ಟರಿಗೆ ಇದು ಕೊನೆಯ ಅಸ್ತ್ರ. ಆದರೆ ಫಿಲ್ಟರಿನ ಸುತ್ತ ಮೂರು ಕಾಲು ತೂರುವಷ್ಟು ಜಾಗ ಇರಬೇಕು. ಸ್ಟೀರಿಂಗ್ ರಾಡ್, ಕ್ರಾಸ್ ಮೆಂಬರ್ ಪಕ್ಕದಲ್ಲಿ ಕೂತ ಫಿಲ್ಟರಿಗೆ ಅಷ್ಟು ಜಾಗ ಸಿಗುವುದು ಕಷ್ಟ. ಬಿಚ್ಚಲು ಮಾತ್ರ ಬಳಸಿ. ಹೊಸ ಫಿಲ್ಟರನ್ನು ಇದರಿಂದ ಬಿಗಿದರೆ ಡಬ್ಬಿಗೆ ಮೂರು ಕಡೆ ತಗ್ಗು ಬೀಳುತ್ತದೆ.

ಕಪ್ ರೆಂಚ್‌ಗೇ ನಮ್ಮ ಮತ. ಫಿಲ್ಟರಿನ ಬುಡದಲ್ಲಿರುವ ಮಡಿಕೆಗಳ ಮೇಲೆ ಟೋಪಿಯಂತೆ ಕೂರುತ್ತದೆ, ಎಕ್ಸ್‌ಟೆನ್ಷನ್ ಹಾಕಿ ಇಕ್ಕಟ್ಟಿನಲ್ಲೂ ತಿರುಗಿಸಬಹುದು, ಡಬ್ಬಿಗೆ ಎಲ್ಲೂ ಪೆಟ್ಟಿಲ್ಲ. ಷರತ್ತು ಏನೆಂದರೆ ವ್ಯಾಸ ಮತ್ತು ಮಡಿಕೆಯ ಸಂಖ್ಯೆ ಎರಡೂ ಹೊಂದಬೇಕು. 65 ಮಿ.ಮೀ.ಗೆ 14 ಮಡಿಕೆಯ ಕಪ್ಪೂ ಇದೆ, 74-76 ಮಿ.ಮೀ.ಗೆ 15 ಮಡಿಕೆಯದ್ದೂ ಇದೆ. ಒಂದು ಮಿ.ಮೀ. ಸಡಿಲವಿದ್ದರೂ ಬಲ ಹಾಕಿದ ಕ್ಷಣ ಮಡಿಕೆಗಳು ಸವೆದು ನುಣ್ಣಗಾಗುತ್ತವೆ. ಒಂದೇ ಗಾಡಿಗೆ ಬರುವ ಎರಡು ಕಂಪನಿಯ ಫಿಲ್ಟರುಗಳಲ್ಲಿ ಮಡಿಕೆ ಬೇರೆ ಬೇರೆ ಇರುವುದುಂಟು. ಆದ್ದರಿಂದ ಫಿಲ್ಟರನ್ನು ಮೊದಲು ಕೊಂಡು, ಅದನ್ನು ಕೈಯಲ್ಲಿ ಹಿಡಿದೇ ಕಪ್ ಅಂಗಡಿಗೆ ಹೋಗಿ. ಬೆಂಗಳೂರಿನವರಾದರೆ ಫಿಲ್ಟರಿಗೆ ಜೆ.ಸಿ. ರಸ್ತೆ, ಕಪ್ಪಿಗೆ ಎಸ್‌.ಜೆ.ಪಿ. ರಸ್ತೆ. ಅಂಗಡಿಯಲ್ಲೇ ಕೂರಿಸಿ ನೋಡಿ, ಕೈಯಿಂದ ಒತ್ತಿದಾಗ ಸ್ವಲ್ಪ ಬಿಗಿಯಾಗಿ ಕೂರಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬಾರದು. ಮೂವತ್ತು ತುಂಡಿನ ಪೆಟ್ಟಿಗೆಯಲ್ಲಿ ನಿಮಗೆ ಬೇಕಾಗುವುದು ಒಂದೇ ಒಂದು, ಅದೂ ತೆಳು ತಗಡಿನದು. ಅದೇ ದುಡ್ಡಿಗೆ ದಪ್ಪನೆಯ ಒಂದು ಕಪ್ ಬರುತ್ತದೆ.

ಇನ್ನು ಫಿಲ್ಟರ್. ಇದರ ಒಳಗೆ ಕಾಗದದ ಜೊತೆ ಎರಡು ಸಣ್ಣ ವಾಲ್ವುಗಳಿರುತ್ತವೆ, ಬೆಲೆಯ ವ್ಯತ್ಯಾಸ ತಿಳಿಯುವುದು ಅವುಗಳಲ್ಲಿ. ಬೈಪಾಸ್ ವಾಲ್ವ್ ಕಾಗದ ಕಟ್ಟಿಕೊಂಡಾಗ ಸೋಸದ ಆಯಿಲನ್ನಾದರೂ ಎಂಜಿನ್ನಿಗೆ ಬಿಡುತ್ತದೆ. ಇನ್ನೊಂದು, ಎಂಜಿನ್ ನಿಂತ ಮೇಲೆ ಫಿಲ್ಟರಿನೊಳಗಿನ ಆಯಿಲ್ ವಾಪಸ್ ಚೇಂಬರಿಗೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂತಿರುವ ಎಂಜಿನ್ನುಗಳಿಗೆ ಈ ವಾಲ್ವೇ ಪ್ರಾಣ. ಕಳಪೆ ಫಿಲ್ಟರಿನಲ್ಲಿ ಇದರ ರಬ್ಬರ್ ಬಿಸಿಗೆ ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಗಟ್ಟಿಯಾಗಿ ಬಾಗದಂತಾಗುತ್ತದೆ. ರಾತ್ರಿಯಿಡೀ ಫಿಲ್ಟರ್ ಖಾಲಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕಟಕಟ ಶಬ್ದ ಬರುತ್ತದೆ, ಆಯಿಲ್ ಲೈಟ್ ಆರಲು ತಡವಾಗುತ್ತದೆ. ಆ ಸೆಕೆಂಡುಗಳಲ್ಲಿ ಟರ್ಬೊ ಬೇರಿಂಗ್ ಹೆಚ್ಚುಕಡಿಮೆ ಒಣಗಿಯೇ ತಿರುಗುತ್ತಿರುತ್ತದೆ. ಇಷ್ಟಕ್ಕೆ ನೂರು ರೂಪಾಯಿ ಉಳಿಸುವುದರಲ್ಲಿ ಅರ್ಥವಿಲ್ಲ. ಗಾಡಿ ಕಂಪನಿಯ ಫಿಲ್ಟರ್, ಇಲ್ಲವೇ ಹೆಸರಾಂತ ಫಿಲ್ಟರ್ ಕಂಪನಿಯದು, ಬಿಲ್ ಸಮೇತ ತಗೊಳ್ಳಿ. ನಕಲಿ ಮಾಲು ಹೆಚ್ಚು ಓಡುವುದೇ ಬಿಲ್ಲಿಲ್ಲದ ವ್ಯಾಪಾರದಲ್ಲಿ.

ಡ್ರೈನ್ ವಾಶರ್ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ, ಅದು ಒಮ್ಮೆ ನಜ್ಜಿ, ಬೋಲ್ಟ್ ಮತ್ತು ಚೇಂಬರಿನ ನಡುವಿನ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ತುಂಬಲೆಂದೇ ಮಾಡಿದ್ದು. ಎರಡನೇ ಸಲ ಹಾಕಿದರೆ ಅದಾಗಲೇ ಗಟ್ಟಿಯಾಗಿರುತ್ತದೆ, ನಜ್ಜುವುದಿಲ್ಲ, ಜಿನುಗುತ್ತದೆ. ಜಿನುಗು ನಿಲ್ಲಿಸಲೆಂದು ಇನ್ನೂ ಬಿಗಿಯುತ್ತಾರೆ, ಆಗ ಮರೆ ಹೋಗುತ್ತದೆ. ಅಲ್ಯೂಮಿನಿಯಂ ಚೇಂಬರಿನ ಮರೆ ಹೋದರೆ ಹೆಲಿಕಾಯಿಲ್ (ಹೊಸ ಮರೆಯಾಗಿ ಕೂರುವ ತಂತಿ ಸುರುಳಿ) ಹಾಕಿಸಬೇಕು, ಅದೂ ಆಗದಿದ್ದರೆ ಹೊಸ ಚೇಂಬರ್. ಇಷ್ಟೆಲ್ಲ ಆಗುವುದು ಒಂದು ಟೀ ಕಾಸಿನಷ್ಟು ಬೆಲೆಯ ವಾಶರಿಗಾಗಿ. ಸ್ಪೇರ್ ಅಂಗಡಿಯಲ್ಲಿ ಫಿಲ್ಟರ್ ಕೇಳುವಾಗಲೇ ‘ಡ್ರೈನ್ ಬೋಲ್ಟ್ ವಾಶರ್ ಎರಡು ಕೊಡಿ’ ಅನ್ನಿ. ಟೊಯೊಟದ ಎಂ12 (12 ಮಿ.ಮೀ. ವ್ಯಾಸದ) ಡ್ರೈನ್ ಬೋಲ್ಟಿಗೆ ಬರುವ ವಾಶರಿನ ಪಾರ್ಟ್ ನಂಬರ್ 90430-12031. ಇಂಥ ನಂಬರನ್ನು ನಿಮ್ಮ ಗಾಡಿಗೂ ಕೇಳಿ ಬರೆದಿಟ್ಟುಕೊಳ್ಳಿ.

ಹಳ್ಳಿಯಲ್ಲಿದ್ದು ಹೊಸ ವಾಶರ್ ಸಿಗಲೇ ಇಲ್ಲವೆಂದರೆ ತಾಮ್ರದ್ದಕ್ಕೆ ಮಾತ್ರ ಒಂದು ಉಪಾಯವಿದೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ, ನೀರಿಗೆ ಅದ್ದಿ. ಉಕ್ಕು ಹೀಗೆ ಗಡುಸಾದರೆ ತಾಮ್ರ ಮೆತ್ತಗಾಗುತ್ತದೆ. ಮೇಲಿನ ಕರಿ ಉಜ್ಜಿ ತೆಗೆದು ಹಾಕಿದರೆ ಒಂದು ಸರ್ವಿಸಿಗೆ ಮೋಸವಿಲ್ಲ. ಅಲ್ಯೂಮಿನಿಯಂ ವಾಶರಿಗೆ ಇದನ್ನು ಮಾಡಬೇಡಿ, ಅದು ಕೆಂಪಾಗುವುದು ಕಣ್ಣಿಗೆ ಕಾಣುವ ಮೊದಲೇ ಸುಮಾರು 660 ಡಿಗ್ರಿಗೆ ಕರಗಿಬಿಡುತ್ತದೆ.

ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಬೇಕು. ಬಾಯಿ ಸ್ಪ್ಯಾನರ್ ಎರಡೇ ಬದಿ ಹಿಡಿಯುವುದರಿಂದ ಮೂಲೆ ಸವೆಯುತ್ತದೆ. ಟಾರ್ಕ್ ರೆಂಚ್ ಕೊಳ್ಳಬೇಕೇ ಎಂದು ಕೇಳುವವರು ಬಹಳ. ಚೇಂಬರ್ ಅಲ್ಯೂಮಿನಿಯಮ್ಮಿನದಾದರೆ ಹೌದು, ಕೊಳ್ಳಿ. ಉಕ್ಕಿನದಾದರೆ ಲೆಕ್ಕ ತಿಳಿದ ಕೈ ಸಾಕು. ಎಂ12 ಬೋಲ್ಟಿಗೆ ಸುಮಾರು 40 ನ್ಯೂಟನ್ ಮೀಟರ್ ಎಂದು ಗಾಡಿಯ ಜೊತೆ ಬಂದ ಪುಸ್ತಕ ಹೇಳಿದರೆ, 25 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಸುಮಾರು 16 ಕಿಲೊ ತೂಕದ ಬಲ ಹಾಕಿದಂತೆ. ಮಲಗಿಕೊಂಡು ಕಾಲು ಒತ್ತುಕೊಟ್ಟು ಎಳೆದರೆ ಇದರ ಎರಡು ಪಟ್ಟು ಬೀಳುವುದು ಬಹಳ ಸುಲಭ. ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿಯುವುದಂತೂ ಬೇಡವೇ ಬೇಡ.

ಡ್ರೈನ್ ಬೋಲ್ಟಿನ ಬದಲು ಹಾಕುವ ವಾಲ್ವ್‌ಗಳೂ ಬಂದಿವೆ. ಇದರಲ್ಲಿ ಜಪಾನಿನ ಫುಮೊಟೊ ಹೆಸರಾದದ್ದು. ಎಂ12, 1.25 ಪಿಚ್ಚಿನ (ಮರೆಯ ಎಳೆಗಳ ನಡುವೆ 1.25 ಮಿ.ಮೀ. ಅಂತರದ) ಮರೆಗೆ ಬರುವುದು ಎಫ್103 ಮಾದರಿ. ಒಳಗೊಂದು ಗುಂಡಿನ ವಾಲ್ವ್, ಲಿವರನ್ನು ಎತ್ತಿ ತಿರುಗಿಸಿದರೆ ಆಯಿಲ್ ಇಳಿಯುತ್ತದೆ, ಸ್ಪ್ಯಾನರೇ ಬೇಡ. ಕೆಲಸ ಅಚ್ಚುಕಟ್ಟು, ವಾಶರ್ ಮುಖವನ್ನು ಮತ್ತೆ ಮತ್ತೆ ಬಿಚ್ಚುವ ಗೋಜೇ ಇಲ್ಲ. ನಮ್ಮ ಅಳತೆಯಲ್ಲಿ ಇದಕ್ಕೆ ಹೆಚ್ಚು ಅಂಕ ಬರಬೇಕಿತ್ತು. ಆದರೆ ಇದು ಬೋಲ್ಟಿನ ತಲೆಗಿಂತ ಕೆಳಗೆ ಜೋತುಬೀಳುತ್ತದೆ. ಕೊಡಗು, ಮೂಡಿಗೆರೆ ಕಡೆಯ ತೋಟದ ಹಾದಿಯಲ್ಲಿ ನಡುವೆ ಕಲ್ಲು ಎದ್ದಿರುತ್ತದೆ, ಬೋಲ್ಟ್ ತಡೆದುಕೊಂಡ ಪೆಟ್ಟನ್ನು ವಾಲ್ವ್ ತಡೆಯುವುದಿಲ್ಲ. ಚೇಂಬರಿನ ಕೆಳಗೆ ಸ್ಕಿಡ್ ಪ್ಲೇಟ್ (ಕಲ್ಲಿನ ಪೆಟ್ಟು ತಡೆಯುವ ತಗಡು) ಇದ್ದು ವಾಲ್ವ್ ಅದರ ಮೇಲೆ ಅಡಗಿ ಕೂತರೆ ಹಾಕಿ. ಡಾಂಬರು ರಸ್ತೆಯಲ್ಲೇ ತರಕಾರಿಯೋ ಹಾಲೋ ಸಾಗಿಸುವ ಗಾಡಿಗೂ ಆದೀತು. ಬಯಲಿನಲ್ಲಿ, ತೋಟದಲ್ಲಿ ಓಡುವ ಗಾಡಿಗೆ ಬೋಲ್ಟೇ ಸರಿ.

ಗೇಜ್ ಕಡ್ಡಿಯ ಕೊಳವೆಯಿಂದ ಆಯಿಲ್ ಎಳೆಯುವ ಪಂಪ್ ಕಾರುಗಳಿಗೆ ಪರವಾಗಿಲ್ಲ. ಡೀಸೆಲ್ ಪಿಕಪ್ಪಿಗೆ ಬೇಡ. ಬೆರಳಿಗಿಂತ ತೆಳ್ಳಗಿನ ಪೈಪಿನಲ್ಲಿ 15ಡಬ್ಲ್ಯೂ-40ರಂಥ (ಇದು ಆಯಿಲಿನ ಮಂದತೆಯ ಗುರುತು) ಆಯಿಲ್ ಏರುವುದು ಬಹಳ ನಿಧಾನ, ತಳದ ಮಡ್ಡಿ ಅಲ್ಲೇ ಉಳಿಯುತ್ತದೆ. ಹೈಲಕ್ಸಿನ 2.8 ಲೀಟರ್ ಎಂಜಿನ್ನಿಗೆ ಫಿಲ್ಟರ್ ಸೇರಿ 7.5 ಲೀಟರ್ ಆಯಿಲ್ ಹಿಡಿಯುತ್ತದೆ, 6 ಲೀಟರಿನ ಪಂಪ್ ಡಬ್ಬಿ ನಡುವೆಯೇ ತುಂಬಿಹೋಗುತ್ತದೆ. ಸಾಲದ್ದಕ್ಕೆ ಪಿಕಪ್ ಎತ್ತರದ ಗಾಡಿ, ಜಾಕ್ ಇಲ್ಲದೆಯೇ ಹಲವು ಮಾದರಿಗಳ ಅಡಿಗೆ ನುಸುಳಬಹುದು.

ಟ್ರೇಗೆ ಹೆಚ್ಚು ಯೋಚಿಸಬೇಕಿಲ್ಲ. 10 ಲೀಟರಿಗೆ ಕಮ್ಮಿಯಿರಬಾರದು, ಬಾಯಿ ಅಗಲವಿರಬೇಕು, ಸುರಿಯಲು ಮೂತಿ ಇರಬೇಕು. ಏಳೂವರೆ ಲೀಟರ್ ಆಯಿಲ್ ಅಂದರೆ ಆರೂವರೆ ಕಿಲೊಗೂ ಮೇಲೆ. 20 ಲೀಟರಿನ ಖಾಲಿ ಕ್ಯಾನನ್ನು ಅಡ್ಡ ಮಲಗಿಸಿ ಮೇಲ್ಬದಿ ಕತ್ತರಿಸಿದರೂ ಆಗುತ್ತದೆ, ಆದರೆ ಎತ್ತುವಾಗ ಕ್ಯಾನಿನ ನಡು ಬಾಗುತ್ತದೆ, ಎರಡೂ ಕೈ ಕೊಟ್ಟು ಎತ್ತಿ.

ಆಯಿಲ್ ಆರಿಸುವಾಗ ಡಬ್ಬಿಯ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ಓದಿ. 15ಡಬ್ಲ್ಯೂ ಎಂಬುದರ ಚಳಿ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ. ನಮ್ಮ ಬೀದರಿನ, ಮಡಿಕೇರಿಯ ಚಳಿ ಅದರ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಪುಸ್ತಕ 15ಡಬ್ಲ್ಯೂ-40 ಎಂದಿದ್ದರೆ ದುಬಾರಿಯ ತೆಳು ಆಯಿಲ್ ಹಾಕಿ ಗಳಿಸುವುದೇನೂ ಇಲ್ಲ. ನಿಜವಾಗಿ ನೋಡಬೇಕಾದದ್ದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ದರ್ಜೆ. ಸಿಐ-4 ಬಂದದ್ದು 2002ರಲ್ಲಿ, ಸಿಕೆ-4 ಬಂದದ್ದು 2016ರಲ್ಲಿ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಹೊಗೆ ನಿಯಮದಲ್ಲಿ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ (ಮಸಿ ಹಿಡಿಯುವ ಜಾಲರಿ) ಇರುವ ಗಾಡಿಗಳಿಗೆ ಹಳೆಯ ದರ್ಜೆಯ ಆಯಿಲ್ ಹಾಕಬಾರದು. ಎಂಜಿನ್ ಸುಡುವ ಚೂರುಪಾರು ಆಯಿಲಿನ ಬೂದಿ ಆ ಜಾಲರಿಯಲ್ಲಿ ಕೂರುತ್ತದೆ. ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲಾಗದು, ಅದು ಉಳಿದೇ ಉಳಿಯುತ್ತದೆ. ಸಿಕೆ-4ರಲ್ಲಿ ಬೂದಿಗೆ ಶೇ 1ರ ಮಿತಿಯಿದೆ. ಪುಸ್ತಕದಲ್ಲಿ ಬರೆದ ದರ್ಜೆಗೆ ಒಂದಕ್ಷರವೂ ಆಚೀಚೆ ಮಾಡಬೇಡಿ.

ಈಗ ಕೆಲಸ. ಗಾಡಿ ಸಮತಟ್ಟಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎತ್ತಲೇಬೇಕಿದ್ದರೆ ಆಕ್ಸಲ್ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕು, ಆಯಿಲ್ ಉಗುರುಬೆಚ್ಚಗಾಗಿ ಮಸಿಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಹೈವೇಯಿಂದ ಬಂದ ತಕ್ಷಣ ಬಿಚ್ಚಿದರೆ ನೂರು ಡಿಗ್ರಿಯ ಆಯಿಲ್ ಕೈಮೇಲೆ ಬೀಳುತ್ತದೆ, ಅರ್ಧ ಗಂಟೆ ಆರಲಿ. ಬೋಲ್ಟನ್ನು ಕೊನೆಯ ಸುತ್ತುಗಳಲ್ಲಿ ಒಳಗೆ ಒತ್ತಿಹಿಡಿದೇ ತಿರುಗಿಸಿ, ಮರೆ ಮುಗಿದದ್ದು ಬೆರಳಿಗೆ ತಿಳಿದೊಡನೆ ಪಕ್ಕಕ್ಕೆ ಸೆಳೆಯಿರಿ. ಮೊದಲ ಧಾರೆ ಟ್ರೇ ದಾಟಿ ಹಾರುತ್ತದೆ, ಆಮೇಲೆ ಹಿಂದಕ್ಕೆ ಸರಿಯುತ್ತದೆ. ಟ್ರೇಯನ್ನೂ ಅದರ ಜೊತೆ ಸರಿಸಿ. 15-20 ನಿಮಿಷ ಬಿಡಿ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ನುಣ್ಣನೆಯ ಬೂದು ಪೇಸ್ಟ್ ಸಹಜ. ಉಗುರಿಗೆ ಸಿಗುವಂಥ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ.

ಬೋಲ್ಟನ್ನು ಹೊಸ ವಾಶರಿನೊಂದಿಗೆ ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ. ನಾಲ್ಕು ಸುತ್ತಿನೊಳಗೆ ಬಿಗಿಯಾದರೆ ಅಡ್ಡಮರೆ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಶುರು ಮಾಡಿ.

ಫಿಲ್ಟರ್ ಬಿಚ್ಚಿದ ಕೂಡಲೇ ಮಾಡಬೇಕಾದ ಒಂದು ಕೆಲಸವನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ: ಹಳೇ ಫಿಲ್ಟರನ್ನು ತಿರುಗಿಸಿ ರಬ್ಬರ್ ರಿಂಗ್ ಅದರಲ್ಲೇ ಇದೆಯೇ ನೋಡಿ. ಇಲ್ಲವಾದರೆ ಅದು ಎಂಜಿನ್ನಿಗೆ ಅಂಟಿಕೊಂಡಿದೆ. ಅದು ಕಪ್ಪು, ಎಂಜಿನ್ ಮುಖವೂ ಕಪ್ಪು, ಮಲಗಿದ ಕಣ್ಣಿಗೆ ಕಾಣದು, ಬೆರಳಾಡಿಸಿ ನೋಡಬೇಕು. ಅದರ ಮೇಲೆಯೇ ಹೊಸ ಫಿಲ್ಟರ್ ಹಾಕಿದರೆ ಎರಡು ರಿಂಗ್ ಒಂದರ ಮೇಲೊಂದು ಕೂತು ಬಿಗಿಯಾದಂತೆಯೇ ಅನ್ನಿಸುತ್ತದೆ. ಸ್ಟಾರ್ಟ್ ಮಾಡಿ ಒತ್ತಡ ಏರಿದಾಗ ಒಂದರ ಮೇಲೊಂದು ಜಾರಿ, ನಿಮಿಷಗಳಲ್ಲಿ ಇಡೀ ಆಯಿಲ್ ನೆಲದ ಪಾಲು. ಆಯಿಲ್ ಚೇಂಜ್ ಮಾಡಿ ಹೊರಟ ದಿನವೇ ಎಂಜಿನ್ ಜಾಮ್ ಆಗುವುದಕ್ಕೆ ಇದು ಗ್ಯಾರೇಜಿನವರಿಗೆಲ್ಲ ಗೊತ್ತಿರುವ ಕಾರಣ.

ಹೊಸ ರಿಂಗಿಗೆ ಹೊಸ ಆಯಿಲ್ ಸವರಿ. ಒಣ ರಬ್ಬರ್ ಮುಖಕ್ಕೆ ಕಚ್ಚಿ ತಿರುಚಿಕೊಳ್ಳುತ್ತದೆ, ಮುಂದಿನ ಸಲ ಬಿಚ್ಚಲೂ ಬರುವುದಿಲ್ಲ. ಬಾಯಿ ನೇರ ಮೇಲ್ಮುಖವಾಗಿ ಕೂರುವ ಫಿಲ್ಟರಾದರೆ ಮೊದಲೇ ಆಯಿಲ್ ತುಂಬಬಹುದು, ಆದರೆ ಸುತ್ತಲಿನ ಸಣ್ಣ ತೂತುಗಳಿಂದ ಮಾತ್ರ. ನಡುವಿನ ದೊಡ್ಡ ತೂತು ಸೋಸಿದ ಬದಿ, ಅಲ್ಲಿ ಸುರಿದದ್ದು ಸೋಸದೆಯೇ ಬೇರಿಂಗಿಗೆ ಹೋಗುತ್ತದೆ. ರಿಂಗ್ ಮುಖಕ್ಕೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಅದೂ ಕೈಯಿಂದ. ಡಬ್ಬಿಯ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದೇ ಸರಿ. ಫಿಲ್ಟರಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ ಮುಕ್ಕಾಲು ಸುತ್ತು ತಪ್ಪುವುದಿಲ್ಲ, ಆ ಗೆರೆಯ ಪಕ್ಕದಲ್ಲೇ ದಿನಾಂಕ, ಕಿಲೋಮೀಟರ್ ಬರೆದುಬಿಡಿ. ಪ್ಲಾಸ್ಟಿಕ್ ಟೋಪಿಯೊಳಗೆ ಕಾಗದದ ಫಿಲ್ಟರ್ ಕೂರುವ ಎಂಜಿನ್ನಾದರೆ ಟೋಪಿಯ ಓ-ರಿಂಗನ್ನೂ ಬದಲಿಸಬೇಕು. ಟಾರ್ಕ್ ಎಷ್ಟೆಂದು ಎಷ್ಟೋ ಟೋಪಿಗಳ ಮೇಲೇ ಅಚ್ಚು ಹಾಕಿರುತ್ತಾರೆ.

ಆಯಿಲ್ ತುಂಬುವಾಗ ಪುಸ್ತಕದ ಅಳತೆಗಿಂತ ಅರ್ಧ ಲೀಟರ್ ಕಮ್ಮಿ ಸುರಿದು ನಿಲ್ಲಿಸಿ. ಇಳಿದ ಹಳೇ ಆಯಿಲ್ ಅಳೆದು ಅಷ್ಟೇ ಹಾಕುವುದು ತಪ್ಪು, ಎಂಜಿನ್ ತಿಂದದ್ದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ಲೈಟ್ ಕೆಲವು ಸೆಕೆಂಡಿನಲ್ಲಿ ಆರಬೇಕು, ಹತ್ತು ಸೆಕೆಂಡಾದರೂ ಉರಿಯುತ್ತಿದ್ದರೆ ಆಫ್ ಮಾಡಿ ಕಾರಣ ಹುಡುಕಿ. ಒಂದೆರಡು ನಿಮಿಷ ಓಡಿದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ, ಬೇಕಾದಷ್ಟು ಸೇರಿಸಿ. ಮೇಲಿನ ಗುರುತು ದಾಟಬಾರದು. ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗನ್ನು ಕಾಯುವುದಿಲ್ಲ. ಡಿಪಿಎಫ್ ಗಾಡಿಗಳಲ್ಲಿ ಮಸಿ ಸುಡುವಾಗ ಸ್ವಲ್ಪ ಡೀಸೆಲ್ ಚೇಂಬರಿಗೆ ಇಳಿದು ಮಟ್ಟ ತಾನಾಗಿಯೇ ಏರುವುದುಂಟು, ಅವಕ್ಕೆ ಗುರುತಿಗಿಂತ ತುಸು ಕೆಳಗೇ ನಿಲ್ಲಿಸುವುದು ಒಳ್ಳೆಯದು. ಹೊಸ ಆಯಿಲ್ ಮರುದಿನವೇ ಕಪ್ಪಾದರೆ ಗಾಬರಿ ಬೇಡ, ಡೀಸೆಲ್ ಎಂಜಿನ್ನಿನಲ್ಲಿ ಉಳಿದ ಮಸಿಯ ಕೆಲಸ ಅದು. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್, ಫಿಲ್ಟರ್ ಎರಡರ ಸುತ್ತಲೂ ಬಿಳಿ ಕಾಗದ ಒತ್ತಿ ನೋಡಿ, ಕಲೆ ಬಿದ್ದರೆ ಅವತ್ತೇ ಸರಿಪಡಿಸಿ.

ಹಳೇ ಆಯಿಲನ್ನು ಸೆಂಟ್ರಿಂಗ್ ಶೀಟಿಗೆ, ಗೆದ್ದಲಿಗೆ, ಬೇಲಿ ಕಂಬಕ್ಕೆ ಬೇಕೆಂದು ಕೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ದಯವಿಟ್ಟು ಕೊಡಬೇಡಿ. ಅದರಲ್ಲಿ ಸವೆದ ಲೋಹವೂ ಚರ್ಮಕ್ಕೆ ಕೆಟ್ಟದಾದ ರಾಸಾಯನಿಕಗಳೂ ಇರುತ್ತವೆ, ಬಳಿಯುವವರು ಕೈಗವಸು ಹಾಕುವುದಿಲ್ಲ, ಮಳೆಗೆ ತೊಳೆದು ಬಾವಿಗೇ ಸೇರುತ್ತದೆ. 2016ರ ಕೇಂದ್ರ ನಿಯಮಗಳಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲಿನ ಖಾಲಿ ಕ್ಯಾನಿಗೇ ತುಂಬಿ, ಮೇಲೆ ದಪ್ಪಗೆ ‘ಹಳೇ ಆಯಿಲ್’ ಎಂದು ಬರೆದು, ಅಧಿಕೃತ ಮರುಸಂಸ್ಕರಣೆಯವರಿಗೆ ಬ್ಯಾರೆಲ್ ಕೊಡುವ ಗ್ಯಾರೇಜಿಗೆ ತಲುಪಿಸಿ. ಫಿಲ್ಟರಿನ ಗುಮ್ಮಟಕ್ಕೆ ಒಂದು ತೂತು ಹೊಡೆದು ರಾತ್ರಿಯಿಡೀ ಟ್ರೇ ಮೇಲೆ ಬೋರಲು ಹಾಕಿದರೆ ಒಳಗೆ ಉಳಿದದ್ದೂ ಇಳಿದು ಅದೇ ಕ್ಯಾನಿಗೆ ಬರುತ್ತದೆ.